ಒಳಮೈ

ಕೊಯಮತ್ತೂರಿನಿಂದ ಲಾರಿಯಲ್ಲಿ ಬಂತು,
ಟಾರ್ಪಾಲು ಹೊದ್ದು, ಹಗ್ಗ ಬಿಗಿಸಿಕೊಂಡು.
ಹಳಿ ದಾಟಿ ಕೊಯಿಪ್ಪಾಡಿ ಕಡಲಿಗೆ ತಿರುಗುವಲ್ಲಿ
ಎಡಗಡೆಯ ದೀಪ ಒಂದೇ ಒಂದು ವಯರಿಗೆ ನೇತು
ದಾರಿಯ ಮಕ್ಕಳಿಗೆಲ್ಲ ತಲೆಯಾಡಿಸುತ್ತಿತ್ತು.

ನನ್ನ ಎರಡು ಸೀಟಿನ ಕೆಂಪು ಗಾಡಿ.
ಗೋವಾದಲ್ಲಿ ಹುಟ್ಟಿದ್ದು, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು,
ತಗಡಲ್ಲ, ಮೈಯೆಲ್ಲ ಫೈಬರು.
ಮೂರನೇ ತಿರುವಿನಲ್ಲಿ ಬ್ರೇಕು ಒತ್ತಿದ್ದು
ತಡವಾಗಿಯೋ ಬೇಗವೋ, ಈಗಲೂ ಗೊತ್ತಿಲ್ಲ.
ಹಿಂದಿನ ಚಕ್ರಕ್ಕೆ ಮುಂದೆ ಬರುವ ಆಸೆಯಾಯಿತು,
ಟಯರುಗಳ ಗೋಡೆ ತಾನೇ ನಡೆದು ಬಂತು.
ಆಮೇಲೆ ಹೆಲ್ಮೆಟ್ಟಿನೊಳಗೆ ನನ್ನ ಉಸಿರು,
ಯಾರೋ ಅವಸರದಲ್ಲಿ ಮೆಟ್ಟಿಲು ಹತ್ತುವ ಹಾಗೆ.

ಇನ್ಶೂರೆನ್ಸಿನವರು ಟ್ರ್ಯಾಕು ಎಂಬ ಶಬ್ದ ಕೇಳಿ ಫೈಲು ಮುಚ್ಚಿದರು.
ಮಂಗಳೂರಿನ ಗ್ಯಾರೇಜಿನವ ಸುತ್ತ ಒಂದು ಬಂದು
ಫೈಬರಾ? ಎಂದು ಕೈ ಒರೆಸಿಕೊಂಡ.

ಕೊನೆಗೆ ಬಂದವ ದೋಣಿ ರಿಪೇರಿಯ ತ್ಯಾಂಪಣ್ಣ.
ಆಟಿ ತಿಂಗಳು, ದೋಣಿಗಳು ಮಗುಚಿ ಮಲಗಿದ್ದವು, ಪುರುಸೊತ್ತಿತ್ತು.
ಬೀಡಿಯನ್ನು ಗೇಟಿನ ಹೊರಗೇ ಆರಿಸಿದ.
ಹಲಸು ತಟ್ಟುವ ಹಾಗೆ ಗೆಣ್ಣಿನಿಂದ ತಟ್ಟುತ್ತ,
ಟೊಳ್ಳು ಕೇಳಿದಲ್ಲೆಲ್ಲ ಸೀಮೆಸುಣ್ಣದ ಗೀಟು ಹಾಕುತ್ತ ಹೋದ.
ಸಂಜೆಗೆ ನನ್ನ ಗಾಡಿ
ಗಡಿ ತಕರಾರಿನ ಭೂಪಟ.

ಬಾಗಿದ ಚೌಕ ಪೈಪನ್ನು ಕೊಯ್ದು
ಉಪ್ಪಳದ ಸಿಲ್ವೆಸ್ತರನಿಂದ ಬೆಸುಗೆ ಹಾಕಿಸಿದೆ.
ನಾಲ್ಕು ಮೊಳೆಗೆ ಗಾಳದ ದಾರ ಕಟ್ಟಿ
ಚಕ್ರಕ್ಕೆ ಚಕ್ರ ನೇರ ಹಿಡಿದೆ;
ಮೂರು ಮಿಲ್ಲಿಮೀಟರಿಗಾಗಿ ಎರಡು ಭಾನುವಾರ.
ಲ್ಯಾಬಿನಿಂದ ತಂದ ಸಿರಿಂಜಿನಲ್ಲಿ,
ರಕ್ತ ಎಳೆದೂ ಎಳೆದೂ ಪಳಗಿದ ಕೈಯಲ್ಲಿ
ಹಾರ್ಡನರು ಅಳೆದೆ. ತ್ಯಾಂಪಣ್ಣ ನಕ್ಕ.
ಅವನ ಅಳತೆ ಬಾಟಲಿಯ ಮುಚ್ಚಳ,
ಮತ್ತೆ ಮೂಗಿನಲ್ಲಿ ಎಳೆದ ಆ ದಿನದ ಗಾಳಿ.
ನನ್ನದು ಎರಡು ದಿನ ಬೆಲ್ಲದಂತೆ ಅಂಟಿತು.
ಅವನದು ಚಾ ಕುಡಿದು ಬರುವಾಗ ಕಲ್ಲು.

ಮಡ್‌ಗಾರ್ಡಿನ ಒಳಗಡೆ ಕಪ್ಪು ಬಣ್ಣ ಕೆರೆಯುತ್ತಿದ್ದವ
ಒಂದು ದಿನ ನಿಂತ.
ಇದು ಮೊದಲೇ ಒಮ್ಮೆ ಮುರಿದದ್ದು ಮಾರಾಯ್ತಿ.
ಹೆಡ್‌ಲೈಟಿನ ಹಿಂದೆ, ಊಟದ ಬಟ್ಟಲಿನಷ್ಟು ಅಗಲ
ಹಳದಿಗಟ್ಟಿದ ತೇಪೆ.
ಒಂದು ಎಳೆ ಅಡ್ಡ, ಒಂದು ಎಳೆ ಓರೆ.
ಇದು ಗಾಡಿಯವನ ಕೆಲಸ ಅಲ್ಲ, ದೋಣಿಯವನದ್ದು, ಅಂದ.
ಅಂಚಿನಲ್ಲಿ ಹಸಿ ಇರುವಾಗ ಊರಿದ ಒಂದು ಕೈ:
ನಾಲ್ಕು ಬೆರಳು ಪೂರ್ತಿ, ಉಂಗುರ ಬೆರಳು ಅರ್ಧ.

ನನ್ನ ಬಿರುಕು ಮೂಗಿನಿಂದ ಹೊರಟು
ನೆಟ್ಟಗೆ ಅಲ್ಲಿಯ ತನಕ ಬಂದಿತ್ತು.
ತೇಪೆ ಮುಟ್ಟಿ,
ಬದಿಗೆ ಸರಿದು,
ಬಾಗಿಲ ಕಡೆ ಹೋಗಿತ್ತು.

ಒಂದು ಗೀರೂ ಇಲ್ಲದ ಗಾಡಿ ಎಂದು ಮಾರಿದವನ ಮೇಲೆ
ಹನ್ನೊಂದು ವರ್ಷಕ್ಕೆ ಬಡ್ಡಿ ಸೇರಿಸಿ ಸಿಟ್ಟು ಬರಬೇಕಿತ್ತು.
ಬರಲಿಲ್ಲ. ಟಾರ್ಚು ಹಿಡಿದು
ಅಂಗಾತ ಮಲಗಿ ನೋಡಿದೆ.
ಆ ಅರ್ಧ ಬೆರಳಿನ ಜಾಗಕ್ಕೆ
ನನ್ನ ಬೆರಳು ಇಟ್ಟು ನೋಡಿದೆ.
ಅದರ ಮೇಲೆ ಕಪ್ಪು ಬಣ್ಣ ಮತ್ತೆ ಬಳಿಯಲಿಲ್ಲ.

ಕೆಂಪು ಸರಿಹೊಂದಲಿಲ್ಲ. ಅಂಗಡಿಯವ ಮೂರು ಸಲ ಬೆರೆಸಿದರೂ
ಎಡಗೆನ್ನೆ ಒಂದಿಷ್ಟು ನಾಚಿಕೊಂಡ ಹಾಗೆಯೇ.
ಬಾಗಿಲು ಎತ್ತಿ ಹಿಡಿದು ದೂಡಿದರೆ ಮಾತ್ರ ಮುಚ್ಚುತ್ತದೆ.
ಮಗಳು ಇದರಲ್ಲಿ ಕೂರುವುದಿಲ್ಲವೆಂದಳು,
ನಾನು ಒತ್ತಾಯಿಸಲಿಲ್ಲ.

ತ್ಯಾಂಪಣ್ಣ ಕೂತ.
ಆರಿಕ್ಕಾಡಿಯ ತಿರುವಿನಲ್ಲಿ ಬಾಗಿಲಿನ ಅಂಚು ಹಿಡಿದು
ದೋಣಿಯಲ್ಲಿ ವಾಲುವಂತೆ ಎದುರು ಬದಿಗೆ ವಾಲಿದ.
ಅವತ್ತು ಎಷ್ಟರಲ್ಲಿ ಇತ್ತು?
ನೂರಾ ಹತ್ತು, ಅಂದೆ.

ಶಿರಿಯಾ ಸೇತುವೆ ಬರುವ ತನಕ ಮಾತಿಲ್ಲ.
ಕೆಳಗೆ ಹೊಳೆ ಕೆಸರಾಗಿ ಕಡಲಿಗೆ ಹೋಗುತ್ತಿತ್ತು.
ಮುಂದಿನ ಸಲಕ್ಕೆ, ಅಂದ,
ಒಳಗಿನಿಂದ ಇನ್ನೂ ಒಂದು ಪದರ ಹಾಕುವ.