ಪಟ್ಟ, ನಾರಾಯಣ ಪೇಟೆಯಲ್ಲಿ

ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ.
ಜಾತಕದ ಸುರುಳಿ ಕಂಕುಳಲ್ಲಿ ಇರುಕಿಕೊಂಡು ಹತ್ತಿದೆ.

ಮೊದಲ ದೊರೆಗೆ ಅಜ್ಜ ಹೇಳಿದ್ದ:
ಕುಜನ ಎಂಟನೆಯ ದೃಷ್ಟಿ, ಈ ಶ್ರಾವಣ ದಾಟಲಿ.
ದಾಟಲಿಲ್ಲ. ನಮ್ಮ ಉಂಬಳಿ ಹೋಯಿತು.
ಎರಡನೆಯವರಿಗೆ ಅಪ್ಪ ಹೇಳಲಿಲ್ಲ.
ಶಾಲು ಬಂತು. ಇನ್ನೂ ಇದೆ, ನುಸಿ ತಿಂದದ್ದು.

ಈಗ ಯಶೋಧವಳ ರಾಜೇ. ತಂದೆ ತೀರಿ ಹದಿಮೂರು ದಿನ,
ಬೋಳಿಸಿದ ತಲೆಗೆ ಪೇಟ ನಿಲ್ಲುತ್ತಿಲ್ಲ.
ರಾಜ್ಯವೆಂದರೆ ಸಾತಾರಾ ರಸ್ತೆಯ ಒಂದು ಮಂಗಲ ಕಾರ್ಯಾಲಯ,
ಅದೂ ಕೋರ್ಟಿನಲ್ಲಿ.

‘ಶಾಸ್ತ್ರಿ, ಶನಿ ಎಲ್ಲಿ ನೋಡ್ತಿದಾನೆ?’
ನಿಮ್ಮ ರವಿಯನ್ನೇ, ಹತ್ತನೆಯ ಕಣ್ಣಲ್ಲಿ.
ಗುರು ಮಾತ್ರ ಅತ್ತ,
ಅಡುಗೆಮನೆ ಬಾಗಿಲಲ್ಲಿ ನಿಂತ ಅಕ್ಕನ
ಸಿಂಹಲಗ್ನಕ್ಕೆ ಒಂಬತ್ತನೆಯದನ್ನು ನೆಟ್ಟು ಕೂತಿದ್ದಾನೆ.
ಅವಳ ಜಾತಕ ಯಾರೂ ಬರೆಸಿರಲಿಲ್ಲ;
ಹುಟ್ಟಿದ ಹೊತ್ತು ಲೆಕ್ಕದ ಪುಸ್ತಕದಲ್ಲಿತ್ತು,
ಸೂಲಗಿತ್ತಿಗೆ ಕೊಟ್ಟ ಐದು ರೂಪಾಯಿಯ ಪಕ್ಕ.
ಕಾರ್ಯಾಲಯದ ಬೀಗದಕೈ ಅವಳ ಸೊಂಟದಲ್ಲಿ.

ಹೇಳಲೇ?
ಕಳೆದುಕೊಳ್ಳಲು ಉಂಬಳಿಯಿಲ್ಲ. ಶಾಲೂ ಬೇಡ.

ಅಷ್ಟರಲ್ಲಿ ಆಜಿಸಾಹೇಬರು ಉಪ್ಪು ಮೆಣಸಿನಕಾಯಿ ನಿವಾಳಿಸಿ
ಗ್ಯಾಸಿನ ಮೇಲೆ ಸುರಿದರು.
ದೃಷ್ಟಿ ತಾಗಿದ್ದರೆ ಘಾಟು ಬರಬಾರದು.
ಬಂತು. ಎದುರುಮನೆಯವರು ಕಿಟಕಿ ಹಾಕಿಕೊಂಡರು.
ಎಂದರೆ, ಶನಿಯ ಹೊರತು
ಯಾರೂ ನೋಡುತ್ತಿಲ್ಲ ಇವನನ್ನು.

ದೊರೆ ಕೆಮ್ಮಿದ. ಪೇಟ ಜಾರಿತು.
ಅಕ್ಕ ಹಿಡಿದಳು.