ಇನ್ನೂರ ಹನ್ನೆರಡನೆಯ ಕಂತಿನ ನಂತರ

ಒಂಬತ್ತು ಗಂಟೆಯ ಧಾರಾವಾಹಿಯಲ್ಲಿ
ಅಡುಗೆಯ ಕೆಂಚಮ್ಮ
ತರಕಾರಿ ಚೀಲ ಹಿಡಿದು ಹೊರಟವಳು
ತಿರುಗಿ ಬರಲೇ ಇಲ್ಲ.

ಯಾರೂ ಕೇಳಲಿಲ್ಲ.
ಮರುದಿನ ಮೇಜಿನ ಮೇಲೆ ಊಟವೇನೋ ಇತ್ತು, ಹಬೆಯಾಡುತ್ತ.
ದೊಡ್ಡ ಸೊಸೆ, ಚಿಕ್ಕ ಸೊಸೆ
ಒಡವೆಯ ಮಾತಾಡುತ್ತಲೇ ಉಂಡೆದ್ದರು.
ಉಪ್ಪಳ್ಳಿಯ ಬಾಡಿಗೆ ಮನೆಯಲ್ಲಿ
ನನಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಕಾಳು ಆರಿಸುತ್ತ ಕೂತಾಗ,
ಕರಿಕಾಳು ಇತ್ತ, ಒಡಕಲು ಅತ್ತ,
ಜೋಡಿ ಇರಬೇಕಾದಲ್ಲಿ ಒಂಟಿ ಹುಟ್ಟಿದ
ಗುಂಡುಕಾಳು ಬೇರೆ ಮೊರಕ್ಕೆ,
ತೂಕದ ಚೀಟಿ ಮಗುಚಿ ಅದರ ಬೆನ್ನಿಗೆ ಬರೆದೆ:
'ಕೆಂಚಮ್ಮ ಚಿಕ್ಕಮಗಳೂರಿನ ಬಸ್ಸು ಅತ್ತಿದಳು.'

ಅತ್ತಿದಳು. ಹತ್ತಿದಳು ಅಲ್ಲ.
ಏಳನೇ ಕ್ಲಾಸಿನಲ್ಲಿ ಇದೇ ಹಕಾರಕ್ಕೆ
ಮೇಷ್ಟ್ರು ಬೆರಳ ಗಿಣ್ಣಿಗೆ ಕೊಟ್ಟ ಏಟು
ಇಪ್ಪತ್ತೆರಡು ವರ್ಷ ಪೆನ್ನು ಮುಟ್ಟಿಸಿರಲಿಲ್ಲ.

ಪಕ್ಕದ ಜುಬೇದಾ ಓದಿದಳು, ತುಟಿ ಅಲ್ಲಾಡಿಸುತ್ತ.
ತಪ್ಪು ತೆಗೆಯುತ್ತಾಳೆಂದು ಕತ್ತು ಬಗ್ಗಿಸಿದೆ.
'ಬಸ್ಸು ಹತ್ತಿದ್ದು ಸರಿ,
ಟಿಕೇಟಿಗೆ ದುಡ್ಡು?'

ಹೌದಲ್ಲ, ದುಡ್ಡು!
ಸಾಸಿವೆ ಡಬ್ಬಿಯಲ್ಲಿಟ್ಟಿದ್ದಳು, ಎಂದೆ.
'ಮೆಂತ್ಯದ ಡಬ್ಬಿ ಅನ್ನು,' ಎದುರಿನಿಂದ ರೋಸ್ಲಿನ್,
'ಸಾಸಿವೆಯದ್ದು ಯಾರಾದರೂ ತೆಗೀತಾರೆ.'
ಬಚ್ಚಿಟ್ಟು ಬಲ್ಲವರ ಮಾತು. ತಿದ್ದಿಕೊಂಡೆ.

ತಲಾ ಮೂರು ರೂಪಾಯಿ ಹಾಕಿ
ಇನ್ನೂರು ಪುಟದ ಪುಸ್ತಕ ತಂದೆವು.
ಹಗಲು ಅದು ಖಾಲಿ ಗೋಣಿಗಳ ನಡುವೆ,
ರಾತ್ರಿ ಸರದಿ ಪ್ರಕಾರ ಒಬ್ಬೊಬ್ಬರ ಟಿಫನ್ ಚೀಲದಲ್ಲಿ.
ಬೆಳಗಾಗುವುದರೊಳಗೆ ಕೆಂಚಮ್ಮನಿಗೆ
ಆಲ್ದೂರಿನಲ್ಲೊಬ್ಬ ತಂಗಿ ಹುಟ್ಟಿರುತ್ತಿದ್ದಳು
ಇಲ್ಲವೇ ಎಡಗಾಲಿಗೊಂದು ಆಣಿ.
ನಮ್ಮ ಸಾಲಿನಲ್ಲೇ ಕೆಲಸ ಕೊಡಿಸಿದೆವು,
ನನಗೂ ಜುಬೇದಾಗೂ ನಡುವೆ ಅವಳ ಮೊರ.
ದೇವೀರಿ ಅವಳನ್ನು ಆಟೋದವನಿಗೆ ಕಟ್ಟಿಬಿಟ್ಟಳು;
ನಾನು ಎರಡು ದಿನ ಮಾತು ಬಿಟ್ಟೆ.
ಮೂರನೆಯ ದಿನ ಅವಳೇ ಅವನನ್ನು ಊರು ಬಿಡಿಸಿ
ಆಟೋ ಮಾತ್ರ ಕೆಂಚಮ್ಮನಿಗೆ ಉಳಿಸಿದಳು.

ಮೇಸ್ತ್ರಿ ಒಂದು ದಿನ ಪುಸ್ತಕ ಹಿಡಿದ.
ಮಧ್ಯಾಹ್ನವಿಡೀ ಕೇರುವ ಸದ್ದು ಬಿಟ್ಟರೆ ಸದ್ದಿಲ್ಲ.
ಮಾರನೆಯ ದಿನ ಅದು ಮತ್ತೆ ಗೋಣಿಯ ಮೇಲಿತ್ತು,
ಒಳಗೆ ಪೆನ್ಸಿಲ್ಲಿನ ಒಂದೇ ಸಾಲು:
'ಇವಳಿಗೆ ಕೂಲಿ ಎಷ್ಟು? ಎಲ್ಲೂ ಬರೆದಿಲ್ಲ.'

ಯೋಚಿಸಿ, ನಮಗಿಂತ ನಲವತ್ತು ಹೆಚ್ಚು ಬರೆದೆ.
ಕತೆಯಲ್ಲವೇ, ನಮ್ಮಪ್ಪನ ಗಂಟೇನು ಹೋಗುತ್ತದೆ.

ಹೋದದ್ದು ಏನೋ, ಹೇಳಲಾರೆ.
ಶನಿವಾರ ಬಟವಾಡೆಯ ಕಿಟಕಿಯೆದುರು
ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು:
'ಕೆಂಚಮ್ಮನಿಗೆ ಕೊಡೋಷ್ಟು ನಮಗೂ ಕೊಡಿ.'
ಗುಮಾಸ್ತ ರಿಜಿಸ್ಟರು ತಿರುವಿದ, ಹಿಂದಕ್ಕೆ, ಮುಂದಕ್ಕೆ.
'ಯಾವ ಕೆಂಚಮ್ಮ?'

ನನ್ನ ಬೆನ್ನ ಹಿಂದೆ ಮೂವತ್ತು ಹೆಂಗಸರು ನಕ್ಕ ನಗು
ಕಾಳಿನ ರಾಶಿ ಜಾರಿದ ಹಾಗೆ,
ಮೊದಲು ಒಂದೊಂದೇ,
ಆಮೇಲೆ ಒಟ್ಟಿಗೇ.

ನಲವತ್ತು ಬರಲಿಲ್ಲ. ಯುಗಾದಿಗೆ ಹನ್ನೆರಡು ಬಂತು.

ಧಾರಾವಾಹಿ ಮುಗಿದೇ ಹೋಯಿತು, ಎರಡು ಮದುವೆ ಮಾಡಿಸಿ.
ಬಡಿಸಿದವರು ಯಾರೋ, ಬರೀ ಕೈ ತೋರಿಸಿದರು.

ಮೊನ್ನೆ ಸೇರಿದ ಹುಡುಗಿ,
ವಾರವಾದರೂ ತುಟಿ ಬಿಚ್ಚದವಳು,
ಪುಸ್ತಕ ಇಸಕೊಂಡು ಹೋಗಿ ಮರಳಿಸುವಾಗ
ಮೊದಲ ಪುಟಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು
'ಅಕ್ಕಾ, ಇಲ್ಲಿ ಹತ್ತಿದಳಾ, ಅತ್ತಳಾ?' ಎಂದಳು.

ಎರಡೂ, ಎಂದೆ.
ಜುಬೇದಾ ಅತ್ತ, ನಾನು ಇತ್ತ ಸರಿದು
ಅವಳಿಗೆ ಜಾಗ ಮಾಡಿದೆವು,
ಕೆಂಚಮ್ಮನ ಮೊರಕ್ಕೆ
ತಾಗದ ಹಾಗೆ.