ಎರಡನೇ ದಾರಿ

ರೆಜೈನಾದಲ್ಲಿ ಇವತ್ತು ಮೈನಸ್ ಮೂವತ್ತೆಂಟು.
ಪಾರ್ಕಿಂಗಿನಲ್ಲಿ ಕಾರುಗಳಿಗೂ ವೈರು ಚುಚ್ಚಿ ಮಲಗಿಸಿದ್ದೇವೆ,
ಎಂಜಿನ್ ಹೆಪ್ಪುಗಟ್ಟದಿರಲೆಂದು.
ಒಳಗೆ ಮಾತ್ರ ವರ್ಷಪೂರ್ತಿ ಒಂದೇ ಋತು:
ನೆಲದ ತೂತುಗಳಿಂದ ಮೇಲೇಳುವ ತಣ್ಣನೆ ಗಾಳಿ,
ಮತ್ತು ಆ ಮೊರೆತ,
ಮನೆಗೆ ಹೋದ ಮೇಲೂ ಅರ್ಧ ಗಂಟೆ ಕಿವಿಯಲ್ಲಿ ಉಳಿಯುವಂಥದ್ದು.

ಭಾನುವಾರ. ರಾತ್ರಿ ಎರಡಕ್ಕೆ ಹತ್ತು ನಿಮಿಷ.
ಬ್ಯಾಂಕು ನಮಗೆ ಕೊಟ್ಟಿರುವುದು ನಾಲ್ಕು ಗಂಟೆ.
ಎಡಗಡೆಯ ಹಳೆಯ ಸ್ವಿಚ್ ಬಿಚ್ಚಿ ಹೊಸದು ಕೂರಿಸಬೇಕು.
ಮೇನ್‌ಫ್ರೇಮಿಗೆ ಗೊತ್ತಾಗಬಾರದು,
ಗೊತ್ತಾದರೂ ಬೇಸರವಾಗಬಾರದು.

ಒಂದು ಕಣ್ಣು ಕಣ್ಣಲ್ಲ ಅಂತ
ಈ ಕೋಣೆ ಕಟ್ಟಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಎಡಕ್ಕೊಂದು ಸ್ವಿಚ್ಚು, ಬಲಕ್ಕೊಂದು. ಕರೆಂಟು ಎರಡು ಕಡೆಯಿಂದ.
ಪ್ರತಿ ಡಿಸ್ಕಿಗೂ ಎರಡೆರಡು ದಾರಿ.
ಎಪ್ಪತ್ತು ಕಿಲೋಮೀಟರ್ ಆಚೆ, ಮೂಸ್ ಜಾದಲ್ಲಿ,
ಇದೇ ಥರದ ಇನ್ನೊಂದು ಕೋಣೆ.
ಒಂದೊಂದೇ ಇರುವುದು
ಕನ್ಸೋಲಿನ ಮುಂದೆ ಆಕಳಿಸುತ್ತಿರುವ ಲೆವಿ ಪೆಲ್ಟಿಯೆ,
ಮತ್ತೆ ನಾನು.

ಲೆವಿ ಎಡದ ಚಾನೆಲ್ಲುಗಳನ್ನು ಒಂದೊಂದಾಗಿ ಆರಿಸುತ್ತಾನೆ,
ಸಂಖ್ಯೆ ಜೋರಾಗಿ ಓದುತ್ತ. ನಾನು ತಿರುಗಿ ಓದುತ್ತೇನೆ.
ಈ ಕಟ್ಟಳೆ ಅವನಿಗೆ ನಾನು ಕಲಿಸಿದ್ದು, ನನಗೆ ಓರೆಸ್ಟ್.
ಎಡದ್ದನ್ನು ಆರಿಸಿ ಬಲದ್ದನ್ನು ಕಿತ್ತವನು ಓರೆಸ್ಟ್.
ಹದಿನೇಳು ನಿಮಿಷ ಇಡೀ ಪ್ರಾಂತ್ಯದ ದುಡ್ಡು ನಿಂತಲ್ಲೇ ನಿಂತಿತ್ತು.
ಅದನ್ನವನು ಹೇಳಿದ್ದು ಒಂದೇ ಸಲ,
ನಿವೃತ್ತಿಯ ದಿನ, ಕೇಕು ತಿನ್ನುತ್ತ.

ಹಳೆಯದರ ಒಂದು ಪೋರ್ಟಿಗೆ ತಿಂಗಳಿಂದ ಕಾಯಿಲೆ.
ಇಲ್ಲಿಯೂ ವ್ಯವಹಾರ ನಡೆಯುವುದು ಸಾಲದ ಮೇಲೆ:
ಇಷ್ಟು ಕಳಿಸು, ಇಷ್ಟಕ್ಕೆ ನನ್ನಲ್ಲಿ ಜಾಗವಿದೆ
ಅಂತ ಆಚೆಯದು ಮೊದಲೇ ಹೇಳಿರುತ್ತದೆ;
ಒಂದು ತಲುಪಿದರೆ ಒಂದು ರಸೀದಿ ವಾಪಸು.
ಮೂಸ್ ಜಾ ದೂರ, ಬೆಳಕಿಗೂ ಹೋಗಿಬರಲು ಹೊತ್ತು ಬೇಕು,
ಅದಕ್ಕೇ ಸಾಲ ಧಾರಾಳ ಕೊಟ್ಟಿದ್ದೆವು, ಮುನ್ನೂರು.
ರಸೀದಿಗಳು ದಾರಿಯಲ್ಲಿ ಕಳೆದವು.
ಯಾರೂ ಮೋಸ ಮಾಡಲಿಲ್ಲ. ಇವತ್ತೊಂದು, ನಾಳಿದ್ದೊಂದು.
ಕೊನೆಗೊಂದು ಮಧ್ಯಾಹ್ನ ಎರಡೂ ಕಡೆಯವು
ಇನ್ನೊಂದು ಮೊದಲು ಮಾತಾಡಲಿ ಎಂದು ಕಾಯುತ್ತ ಕೂತವು.

ನನ್ನ ಮತ್ತು ವಿಕ್ಟರನ ಕಡೆಯ ವರ್ಷ ಹೀಗೇ ಇತ್ತು.
ಅಲ್ಲಿ ಲಾಗ್ ಇರಲಿಲ್ಲ, ಹಿಂದಕ್ಕೆ ಹೋಗಿ ನೋಡಲು.

ಕೇಬಲ್ ಕಿತ್ತು ತುದಿಯನ್ನು ಸೂಕ್ಷ್ಮದರ್ಶಕಕ್ಕೆ ಹಿಡಿದೆ.
ಗುಂಡನೆಯ ಬೂದು ಬಯಲು. ನಡುವೆ ಕಲೆ,
ಯಾರದೋ ಬೆರಳಿನ ಜಿಡ್ಡು.
ಯಾರದೋ ಏನು, ಬೇಸಿಗೆಯಲ್ಲಿ ಸಿಕ್ಕಿಸಿದ್ದು ನಾನೇ.
ಒರೆಸುವ ಪೆನ್ನು ಒತ್ತಿದರೆ ಟಿಕ್ ಅಂತ ಒಂದು ಸದ್ದು.
ಅಷ್ಟೇ.

ಹೊಸದಕ್ಕೂ ಹಳೆಯದರ ಸಂಖ್ಯೆಯನ್ನೇ ಕೊಟ್ಟೆ: ಆರು.
ಮೇನ್‌ಫ್ರೇಮು ತನ್ನ ಪಟ್ಟಿಯಲ್ಲಿ ಆರು ಅಂತ ಬರೆದುಕೊಂಡರೆ
ಆರನ್ನೇ ಕೇಳುತ್ತದೆ. ಏಳು ಬಂದು
ಎಷ್ಟು ನಯವಾಗಿ ಕರೆದರೂ ಕದ ತೆಗೆಯದು.

"ನೋಡು," ಅಂದ ಲೆವಿ.
ಮೂರು ಹನ್ನೆರಡಕ್ಕೆ, ಸ್ವಿಫ್ಟ್ ಕರೆಂಟಿನಲ್ಲಿ,
ಯಾರೋ ಲಾರಿಯವನು ಡೀಸೆಲ್ ಹಾಕಿಸಿದ್ದ, ನೂರಾ ನಲವತ್ತು ಡಾಲರ್.
ಕಾರ್ಡು ಉಜ್ಜಿ, ಕೈಗವಸು ಮತ್ತೆ ಹಾಕಿಕೊಂಡು,
ಬಲಗಡೆಯ ದಾರಿಯಿಂದ
ಹೊರಟೇಹೋಗಿದ್ದ.

ಹಳೆಯದನ್ನು ಇಬ್ಬರೂ ಹಿಡಿದು ಇಳಿಸಿದೆವು.
ಹನ್ನೊಂದು ವರ್ಷ ನಿಲ್ಲದೆ ದುಡಿದದ್ದು,
ಹೊಟ್ಟೆ ಇನ್ನೂ ಬೆಚ್ಚಗಿತ್ತು.
ಅದರ ಬಾಗಿಲ ಒಳಮೈಗೆ ಪೆನ್ಸಿಲ್ಲಿನ ಚೀಟಿ, ಓರೆಸ್ಟನ ಅಕ್ಷರ:
ಕಿಟಕಿಯ ಕಡೆಯದು ಎಡ.

"ಯಾವ ಕಿಟಕಿ, ಡಾರ್ಲೀನ್?" ಅಂದ ಲೆವಿ.

ಅದನ್ನು ಮುಚ್ಚಿ ಗೋಡೆ ಮಾಡಿದಾಗ
ಅವನಿನ್ನೂ ಶಾಲೆಯಲ್ಲಿದ್ದಿರಬೇಕು.
ಅಲ್ಲಿಂದ ಧಾನ್ಯದ ರೈಲುಗಳು ಕಾಣುತ್ತಿದ್ದವು,
ಹಿಮದಲ್ಲಿ ಎಣಿಸಲಾಗದಷ್ಟು ಡಬ್ಬಿ.
ನಾನು ಕೈಚಾಚಿ ಗೋಡೆ ತೋರಿಸಿದೆ.
ಚೀಟಿಯನ್ನು ಉಗುರಿನಿಂದ ಹುಷಾರಾಗಿ ಎಬ್ಬಿಸಿ
ಹೊಸದರ ಒಳಗೆ ಅಂಟಿಸಿದೆ.

ಅಂಟು ಸತ್ತಿತ್ತು. ಟೇಪು ಹುಡುಕಬೇಕಾಯಿತು.